ಐಪಿ ಹಾಕಿದವನ ಖರ್ಚು, ಹಾಕದವರ ಖರ್ಚು

“ಐಪಿ ಹಾಕಲು ಒಟ್ಟು ಎಷ್ಟು ಖರ್ಚು ಬೀಳುತ್ತದೆ?” ಎಂದು ವಿಚಾರಿಸಿಕೊಂಡು ಬರುವವರು ಯಾರೂ ತಮಗಾಗಿ ಕೇಳುವುದಿಲ್ಲ. ಸ್ನೇಹಿತನಿಗಾಗಿ ಕೇಳುತ್ತಾರೆ, ದೊಡ್ಡಪ್ಪನ ಮಗನಿಗಾಗಿ ಕೇಳುತ್ತಾರೆ, ಪಕ್ಕದ ಬೀದಿಯ ಯಾರಿಗೋ ಬೇಕಂತೆ ಎನ್ನುತ್ತಾರೆ. ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಬಿಚ್ಚಾಣಿಕೆದಾರರಿಗೆ ಲೆಕ್ಕ ಬರೆದುಕೊಡುವುದು ನನ್ನ ಕಸುಬು. ಯಾರ ಪುಸ್ತಕದಲ್ಲಿ ಎಷ್ಟು ತೂತು ಬಿದ್ದಿದೆ ಎಂಬುದು ಅವರ ಮನೆಯವರಿಗಿಂತ ಮೊದಲು ನನಗೆ ತಿಳಿಯುತ್ತದೆ. ಹಾಗಾಗಿ ಆ ಸ್ನೇಹಿತ ಯಾರು ಎಂದು ನಾನೂ ಕೇಳುವುದಿಲ್ಲ.

ಬೇರೆ ಕಡೆಯ ಓದುಗರಿಗಾಗಿ ಹೇಳುವುದಾದರೆ, ಐಪಿ ಎಂದರೆ ಇನ್‌ಸಾಲ್ವೆನ್ಸಿ ಪಿಟಿಷನ್. ಸಾಲ ತೀರಿಸಲು ನನ್ನಿಂದ ಆಗುವುದಿಲ್ಲ, ಇರುವುದನ್ನು ತೆಗೆದುಕೊಂಡು ನನ್ನನ್ನು ಬಿಡಿಸಿ ಎಂದು ನ್ಯಾಯಾಲಯಕ್ಕೆ ಕೊಡುವ ಅರ್ಜಿ. ಹಳಬರು ಪಾಪರ್ ಚೀಟಿ ಎನ್ನುತ್ತಿದ್ದರು. ಚಿಂತಾಮಣಿ, ಬಾಗೇಪಲ್ಲಿ, ಶಿಡ್ಲಘಟ್ಟದ ಕಡೆ “ಅವನು ಐಪಿ ಹಾಕಿದನಂತೆ” ಎಂಬ ಮಾತು ಬೆಳಿಗ್ಗೆ ಟೀ ಅಂಗಡಿಯಲ್ಲಿ ಹುಟ್ಟಿದರೆ ಸಂಜೆಯೊಳಗೆ ಗೂಡಿನ ಮಾರುಕಟ್ಟೆಯನ್ನು ಮುಟ್ಟಿರುತ್ತದೆ.

ಖರ್ಚಿನ ಪ್ರಶ್ನೆಗೆ ವಕೀಲರು ಒಂದು ಅಂಕಿ ಹೇಳುತ್ತಾರೆ. ಆ ಅಂಕಿ ಸುಳ್ಳೇನಲ್ಲ. ಆದರೆ ಅದು ಅರ್ಜಿ ಹಾಕುವವನ ಜೇಬಿನಿಂದ ಹೋಗುವ ಹಣ ಮಾತ್ರ. ಐಪಿಯ ಬಹುಪಾಲು ಖರ್ಚನ್ನು ಅರ್ಜಿಗೆ ಸಹಿ ಹಾಕದವರು ಭರಿಸುತ್ತಾರೆ ಎಂಬುದು ಇಷ್ಟು ವರ್ಷ ಬೇರೆಯವರ ಲೆಕ್ಕ ಬರೆದ ಮೇಲೆ ನನಗೆ ಖಾತ್ರಿಯಾಗಿರುವ ಸಂಗತಿ. ಈ ಬರಹ ಅವರ ಬಗ್ಗೆ.

ಮೊದಲು ಸಾಲ ಹೇಗೆ ಬೆಳೆಯುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಊರ ಹೊರಗಿನವರು ಎಂದಿನಂತೆ “ಕುಡಿತವೋ, ಇಸ್ಪೀಟೋ” ಎಂದು ತೀರ್ಮಾನಿಸಿಬಿಡುತ್ತಾರೆ. ಮಾರುಕಟ್ಟೆಯಲ್ಲಿ ಹರಾಜು ಕೂಗಿದ ಗೂಡಿಗೆ ಬಿಚ್ಚಾಣಿಕೆದಾರ ಕೂಡಲೇ ಹಣ ಹೊಂದಿಸಬೇಕು. ರೈತನಿಗೆ ನಾಳೆ ಬಾ ಎನ್ನುವಂತಿಲ್ಲ, ಎನ್ನಲೂಬಾರದು. ಆ ಗೂಡು ಬೆಂದು, ನೂಲಾಗಿ, ವ್ಯಾಪಾರಿಯ ಕೈ ಸೇರಿದ ಮೇಲೆ ಹಣ ಬರುವುದು ಮಾತ್ರ ವಾರಗಟ್ಟಲೆ ತಡ. ನಡುವಿನ ಆ ಕಂದರವನ್ನು ತುಂಬುವುದು ಕೈಸಾಲ. ನೂರಕ್ಕೆ ತಿಂಗಳಿಗೆ ಮೂರು ಎಂದರೆ ನಮ್ಮ ಕಡೆ ದುಬಾರಿ ಬಡ್ಡಿ ಎಂದು ಯಾರೂ ಹೇಳುವುದಿಲ್ಲ, ವರ್ಷಕ್ಕೆ 36 ಆಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರೂ ಹೇಳುವುದಿಲ್ಲ. ಗೂಡು ಕೊಂಡ ದಿನದ ದರಕ್ಕೂ ನೂಲು ಮಾರಿದ ದಿನದ ದರಕ್ಕೂ ಒಂದೆರಡು ಸಲ ತಾಳ ತಪ್ಪಿದರೆ ಸಾಕು, ಅಸಲು ಅಲ್ಲೇ ಕುಳಿತು ಬಡ್ಡಿ ಓಡಾಡಲು ಶುರುವಾಗುತ್ತದೆ. ಕೋಲಾರದ ಟೊಮೆಟೊ ಬೆಳೆಗಾರನ ಕಥೆಯೂ ಹೆಚ್ಚುಕಡಿಮೆ ಇದೇ. ಅಲ್ಲಿ ಬಿಚ್ಚಾಣಿಕೆಯ ಬದಲು ಕೊಳವೆಬಾವಿ ಇರುತ್ತದೆ, ಅಷ್ಟೇ.

ಈ ಮನುಷ್ಯನಿಗೆ ಕಾನೂನು ಕೊಟ್ಟಿರುವ ಬಾಗಿಲು 1920ರದ್ದು. ಪ್ರಾಂತೀಯ ದಿವಾಳಿ ಕಾಯ್ದೆ. ಸಾಲಗಾರ ತಾನಾಗಿ ಅರ್ಜಿ ಹಾಕಬೇಕಾದರೆ ಒಂದೋ ಸಾಲ 500 ರೂಪಾಯಿ ಮುಟ್ಟಿರಬೇಕು, ಇಲ್ಲವೇ ಹಣ ಕೊಡಬೇಕೆಂಬ ನ್ಯಾಯಾಲಯದ ಡಿಕ್ರಿಯ ಮೇಲೆ ಅವನನ್ನು ಬಂಧಿಸಿರಬೇಕು ಅಥವಾ ಆಸ್ತಿ ಜಪ್ತಿಯಾಗಿರಬೇಕು. ಇವತ್ತಿಗೂ ಅದೇ 500. ಅದೇ ಕಾಯ್ದೆಯ ಪ್ರಕಾರ ದಿವಾಳಿಯಾದವನ ಆಸ್ತಿ ಹಂಚುವಾಗ ಅವನ ಕೆಲಸಗಾರರ ಕೂಲಿಗೆ ಮೊದಲ ಸಾಲಿನಲ್ಲಿ ಜಾಗವಿದೆ. ಎಷ್ಟಕ್ಕೆ? ಅರ್ಜಿಗೆ ಹಿಂದಿನ 4 ತಿಂಗಳ ಕೂಲಿಯಲ್ಲಿ ಒಟ್ಟು 20 ರೂಪಾಯಿ ಮೀರದಂತೆ. ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ಎಳೆ ಹಿಡಿಯುವ ಹೆಂಗಸಿಗೆ ಆ 20 ರೂಪಾಯಿಯಲ್ಲಿ ಎರಡು ಲೋಟ ಟೀ ಬಂದರೆ ಹೆಚ್ಚು. ಅವಳ ಉಳಿದ ಬಾಕಿ ಬಡ್ಡಿ ವ್ಯಾಪಾರಿಯ ಬಾಕಿಯ ಜೊತೆಗೇ ಸಾಲಿನಲ್ಲಿ ನಿಲ್ಲಬೇಕು.

2016ರಲ್ಲಿ ಸಂಸತ್ತು ಹೊಸ ದಿವಾಳಿ ಸಂಹಿತೆ ತಂದಾಗ ಹಳೆಯ ಕಾಯ್ದೆಯನ್ನು ರದ್ದುಪಡಿಸುವ ಕಲಮನ್ನೂ ಬರೆಯಿತು. ಆದರೆ ಆ ಕಲಮು ಜಾರಿಗೆ ಬರಲಿಲ್ಲ. ಸಂಹಿತೆಯ ಮೂರನೇ ಭಾಗ ವ್ಯಕ್ತಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಮೀಸಲು. ಅದರಲ್ಲಿ ಕಂಪನಿಯ ಸಾಲಕ್ಕೆ ವೈಯಕ್ತಿಕ ಖಾತರಿ ಕೊಟ್ಟವರ ಮಟ್ಟಿಗೆ ಮಾತ್ರ 2019ರ ಡಿಸೆಂಬರ್ 1ರಿಂದ ಬಾಗಿಲು ತೆರೆಯಿತು. ತುಮಕೂರಿನ ವಸಂತನರಸಾಪುರದಲ್ಲಿ ಕಾರ್ಖಾನೆ ನಡೆಸಿ ಕಂಪನಿ ಸಾಲಕ್ಕೆ ಸಹಿ ಹಾಕಿದ ನಿರ್ದೇಶಕನಿಗೆ ಹೊಸ ಕಾನೂನು, ಶಿಡ್ಲಘಟ್ಟದಲ್ಲಿ ಸ್ವಂತ ಹೆಸರಿನಲ್ಲಿ ಸಾಲ ಮಾಡಿದವನಿಗೆ ಬ್ರಿಟಿಷರ ಕಾಲದ ಕಾನೂನು. ಬಡವರಿಗಾಗಿಯೇ ಎಂದು ಸಂಹಿತೆಯಲ್ಲಿ ಒಂದು “ಹೊಸ ಆರಂಭ”ದ ವ್ಯವಸ್ಥೆಯನ್ನೂ ಬರೆದಿಟ್ಟಿದ್ದಾರೆ: ವರ್ಷದ ಆದಾಯ 60,000 ಮೀರಬಾರದು, ಆಸ್ತಿ 20,000 ಮೀರಬಾರದು, ಮನ್ನಾ ಆಗಬೇಕಾದ ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ಈಗಿನ ಕಾಲದಲ್ಲಿ 35,000 ಸಾಲಕ್ಕೆ ಯಾರು ದಿವಾಳಿಯಾಗುತ್ತಾರೋ ನನಗೆ ಗೊತ್ತಿಲ್ಲ. ಅದಾದರೂ ಜಾರಿಗೆ ಬಂದಿದೆಯೇ ಎಂದರೆ ಅದೂ ಇಲ್ಲ.

ಇನ್ನು ಕಂಡು ಲೆಕ್ಕ ಹಾಕಬಹುದಾದ ಖರ್ಚು. ನ್ಯಾಯಾಲಯ ಶುಲ್ಕದ ಬಗ್ಗೆ ಜನ ಹೆದರುತ್ತಾರೆ, ಸುಮ್ಮನೆ. ಹಣ ವಸೂಲಿಯ ದಾವೆಯಲ್ಲಿರುವಂತೆ ಇಲ್ಲಿ ಶುಲ್ಕ ಸಾಲದ ಗಾತ್ರಕ್ಕೆ ತಕ್ಕಂತೆ ಏರುವುದಿಲ್ಲ, ಅದು ಸಣ್ಣ ಮೊತ್ತ. ಏರುವುದು ಸಾಲ ಕೊಟ್ಟವರ ತಲೆಯ ಲೆಕ್ಕದಲ್ಲಿ. ಪ್ರತಿಯೊಬ್ಬ ಸಾಲಿಗನೂ, ಅಂದರೆ ಸಾಲ ಕೊಟ್ಟ ಪ್ರತಿಯೊಬ್ಬನೂ, ಎದುರುದಾರ. ಪ್ರತಿಯೊಬ್ಬನಿಗೂ ಅರ್ಜಿಯ ಒಂದು ಪ್ರತಿ, ಒಂದು ನೋಟಿಸ್, ರಿಜಿಸ್ಟರ್ಡ್ ಅಂಚೆ. ಒಬ್ಬ ಬಾಗಿಲು ಹಾಕಿಕೊಂಡರೆ, ಇನ್ನೊಬ್ಬ ಮನೆ ಬದಲಿಸಿದ್ದರೆ ಮತ್ತೆ ನೋಟಿಸ್, ಮತ್ತೊಂದು ವಾಯಿದೆ. ಕೊನೆಗೆ ಪತ್ರಿಕೆಯಲ್ಲಿ ಪ್ರಕಟಣೆ. ದಿವಾಳಿ ಎಂದು ಆದೇಶವಾದ ಮೇಲೆ ರಾಜ್ಯಪತ್ರದಲ್ಲಿ ಇನ್ನೊಂದು. ಬ್ಯಾಂಕು ಮತ್ತು ಒಬ್ಬ ದೊಡ್ಡ ಲೇವಾದೇವಿಗಾರನಿಗೆ ಕೋಟಿ ಕೊಡಬೇಕಾದವನ ಅರ್ಜಿ ಅಗ್ಗ, ಇಪ್ಪತ್ತು ಮಂದಿಗೆ ಹತ್ತು ಹತ್ತು ಸಾವಿರ ಕೊಡಬೇಕಾದವನ ಅರ್ಜಿ ದುಬಾರಿ. ಹಂಚಿ ಹಂಚಿ ಸಾಲ ಮಾಡುವವನು ಬಡವನೇ ಆದ್ದರಿಂದ ಈ ಏರ್ಪಾಡು ಯಾರ ಪರ ಎಂದು ವಿವರಿಸಬೇಕಾಗಿಲ್ಲ.

ವಕೀಲರ ಶುಲ್ಕ ಮಾತಿನ ಮೇಲೆ ನಿಂತಿದೆ, ಅದಕ್ಕೆ ನಾನು ಅಂಕಿ ಕೊಡುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. 1987ರ ಕಾಯ್ದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡಬೇಕು. ಉಳಿದವರಿಗೆ ಆದಾಯದ ಮಿತಿ ಇದೆ. 15100 ಸಂಖ್ಯೆಗೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ಇದನ್ನು ಹೇಳಿದರೆ ನಮ್ಮವರು “ಪುಕ್ಕಟೆ ವಕೀಲರು ಕೇಸು ನಡೆಸುತ್ತಾರಾ?” ಎಂದು ಮೂಗು ಮುರಿಯುತ್ತಾರೆ. ಆಮೇಲೆ “ಎಲ್ಲಾ ಸೇರಿಸಿ ಇಷ್ಟು, ಆರು ತಿಂಗಳಲ್ಲಿ ಕೈಗೆ ಆರ್ಡರ್” ಎಂದು ಮಾತು ಕೊಡುವ ಮಧ್ಯವರ್ತಿಯ ಕೈಗೆ ಮುಂಗಡ ಇಟ್ಟು ಬರುತ್ತಾರೆ. ಆರು ತಿಂಗಳಲ್ಲಿ ಎಲ್ಲ ನೋಟಿಸುಗಳೂ ಜಾರಿಯಾಗಿರುವುದಿಲ್ಲ.

ಅರ್ಜಿಯ ಜೊತೆಗೆ ಕೊಡಬೇಕಾದ ಕಾಗದಗಳಲ್ಲಿ ಮುಖ್ಯವಾದದ್ದು ಪಟ್ಟಿ. ಯಾರಿಗೆ ಎಷ್ಟು ಕೊಡಬೇಕು, ಅವರ ಹೆಸರೇನು, ವಿಳಾಸ ಯಾವುದು. ನನ್ನಲ್ಲಿರುವ ಆಸ್ತಿ ಏನು, ಎಲ್ಲಿದೆ. ಸತ್ಯವಾದ ಪಟ್ಟಿ ಕೊಡುವುದು ಕಾನೂನು ಹೊರಿಸಿರುವ ಕರ್ತವ್ಯ. ಲೆಕ್ಕ ತಿದ್ದಿದರೆ, ಕಾಗದ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ನಾನು ಹೆಸರು ಹೇಳದ ಒಬ್ಬ ಬಿಚ್ಚಾಣಿಕೆದಾರರ ಮನೆಯಲ್ಲಿ ಈ ಪಟ್ಟಿ ಬರೆಯಲು ಕುಳಿತ ರಾತ್ರಿ ನನಗೆ ಅದರ ತೂಕ ಗೊತ್ತಾಯಿತು. ಗೂಡು ಬೇಯಿಸುವ ಬೇಸಿನ್ನುಗಳು ತಣ್ಣಗಾಗಿ ತಿಂಗಳಾಗಿದ್ದರೂ ಶೆಡ್ಡಿನಲ್ಲಿ ಬೆಂದ ಹುಳುವಿನ ವಾಸನೆ ಹೋಗಿರಲಿಲ್ಲ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಬ್ಯಾಂಕು. ಚಿನ್ನ ಅಡವಿಟ್ಟ ಫೈನಾನ್ಸು. ಪ್ರೋನೋಟಿನ ಮೇಲೆ ಕೊಟ್ಟ ಇಬ್ಬರು. ಎತ್ತಿಬಿಟ್ಟ ಚೀಟಿಯ ಉಳಿದ ಕಂತುಗಳು. ಸೌದೆಯವನು. ಎಲ್ಲ ಸಲೀಸಾಗಿ ನಡೆಯುತ್ತಿತ್ತು.

ಆಮೇಲೆ ಅವರ ಹೆಂಡತಿ ಅಡುಗೆಮನೆಯ ಬಾಗಿಲಿನಿಂದ, “ನಿಮ್ಮ ತಂಗಿಯ ನೆಕ್ಲೇಸು ಬರೆಸಿದಿರಾ?” ಎಂದು ಕೇಳಿದರು.

ಅದು ಸಾಲವಲ್ಲ ಎಂದರು ಇವರು. ತಂಗಿ ತಾನಾಗಿ ಕೊಟ್ಟದ್ದು, ಒಂದು ಹಂಗಾಮಿಗೆಂದು ಕೊಟ್ಟದ್ದು, ಅವಳ ಗಂಡನಿಗೆ ಗೊತ್ತಿಲ್ಲ. ಗೊತ್ತಿಲ್ಲವೆಂದೇ ಅದನ್ನು ಬರೆಯುವುದು ಕಷ್ಟ. ಬರೆದರೆ ನ್ಯಾಯಾಲಯದ ನೋಟಿಸು ಆ ಮನೆಯ ಬಾಗಿಲಿಗೆ ಹೋಗುತ್ತದೆ, ಲಕೋಟೆಯನ್ನು ಒಡೆಯುವವರು ತಂಗಿಯ ಗಂಡ. ಬರೆಯದಿದ್ದರೆ ಪಟ್ಟಿ ಸುಳ್ಳಾಗುತ್ತದೆ. ನೆಕ್ಲೇಸು ಈಗ ಇರುವುದು ಫೈನಾನ್ಸಿನವರ ತಿಜೋರಿಯಲ್ಲಿ, ಇವರ ಹೆಸರಿನ ಚೀಟಿಯಲ್ಲಿ. ಇಷ್ಟಕ್ಕೇ ನಿಲ್ಲಲಿಲ್ಲ. ಕೆಲಸದ ಹೆಂಗಸರ ಬಾಕಿ ಕೂಲಿ, ಕಿರಾಣಿ ಅಂಗಡಿಯ ಕೈಬರಹದ ಪುಸ್ತಕ, ಮಗಳ ಕಾಲೇಜಿನ ಶುಲ್ಕಕ್ಕೆ ಮೇಷ್ಟ್ರೊಬ್ಬರು ಕೊಟ್ಟ ಹಣ, ಎಲ್ಲ ಹೊರಬಂದವು. ಬಡ್ಡಿಗೆ ಕೊಟ್ಟವರ ಹೆಸರುಗಳು ಅವರಿಗೆ ಬಾಯಿಪಾಠವಾಗಿದ್ದವು. ಬಡ್ಡಿ ಇಲ್ಲದೆ ಕೊಟ್ಟವರ ಹೆಸರುಗಳನ್ನು ಹೆಂಡತಿ ನೆನಪಿಸಬೇಕಾಯಿತು.

ಕಾನೂನಿನ ಕಣ್ಣಿನಲ್ಲಿ ಈ ಎರಡೂ ಗುಂಪಿಗೆ ವ್ಯತ್ಯಾಸವಿಲ್ಲ. ಅಡಮಾನ ಇಟ್ಟುಕೊಂಡವನು ಮಾತ್ರ ಹೊರಗೆ ನಿಂತಿರುತ್ತಾನೆ, ಅವನ ಅಡಮಾನಕ್ಕೆ ಐಪಿ ಅಡ್ಡ ಬರುವುದಿಲ್ಲ. ನೂರಕ್ಕೆ ಐದರಂತೆ ಕಿತ್ತುಕೊಂಡು ಅಸಲಿನಷ್ಟು ಬಡ್ಡಿ ತಿಂದಾದವನೂ, ಮಗುವಿನ ಓದಿಗೆಂದು ಕೊಟ್ಟ ಮೇಷ್ಟ್ರೂ ಸಮಪಾಲಿನ ಹಕ್ಕುದಾರರು. ತಂಗಿಯ ಋಣವನ್ನಾದರೂ ಮೊದಲು ತೀರಿಸಿ ಆಮೇಲೆ ಅರ್ಜಿ ಹಾಕೋಣ ಎಂದರೆ ಅದಕ್ಕೂ ತಡೆ ಇದೆ. ಅರ್ಜಿಗೆ ಮುಂಚಿನ 3 ತಿಂಗಳಲ್ಲಿ ಒಬ್ಬ ಸಾಲಿಗನಿಗೆ ಅನುಕೂಲ ಮಾಡಬೇಕೆಂದು ಕೊಟ್ಟ ಹಣವನ್ನು ರಿಸೀವರ್, ಅಂದರೆ ದಿವಾಳಿಯಾದವನ ಆಸ್ತಿ ನೋಡಿಕೊಳ್ಳಲು ನ್ಯಾಯಾಲಯ ನೇಮಿಸಿದವರು, ವಾಪಸು ಕೇಳಬಹುದು. ಮನೆಯನ್ನು ಹೆಂಡತಿಯ ಹೆಸರಿಗೆ, ಜಮೀನನ್ನು ಮಗನ ಹೆಸರಿಗೆ ಬರೆದಿಟ್ಟು ಬಂದರೆ 2 ವರ್ಷದೊಳಗಿನ ಅಂಥ ವರ್ಗಾವಣೆಯನ್ನೂ ರದ್ದುಪಡಿಸಬಹುದು. ದಾನಪತ್ರ ಬರೆಸಿಕೊಂಡೇ ಐಪಿಯ ಬಗ್ಗೆ ಕೇಳಲು ಬರುವವರಿಗೆ ನಾನು ಈ ಮಾತನ್ನು ಮೊದಲು ಹೇಳುತ್ತೇನೆ. ಮುಖ ಸಪ್ಪಗಾಗುತ್ತದೆ. ಹಲವರು ಮರಳಿ ಬರುವುದಿಲ್ಲ.

ಏನೆಲ್ಲ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ವಸೂಲಿಗೆ ಬರುವವರು ಮನೆಯ ಪಾತ್ರೆಯನ್ನೂ ಬಿಡುವುದಿಲ್ಲ ಎಂದು ಹೆದರಿಸಿರುತ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ರೈತನ ನೇಗಿಲು, ದನ, ಬಿತ್ತನೆ ಬೀಜ ಇವನ್ನು ಜಪ್ತಿಯಿಂದ ಹೊರಗಿಟ್ಟಿದೆ. ಧಾರ್ಮಿಕ ಪದ್ಧತಿಯಂತೆ ಹೆಣ್ಣು ತೆಗೆಯಬಾರದ ಒಡವೆಯನ್ನೂ ಹೊರಗಿಟ್ಟಿದೆ, ಅಂದರೆ ತಾಳಿ. ದಿವಾಳಿಯಾದವನ ಆಸ್ತಿಯಲ್ಲಿಯೂ ಇವು ರಿಸೀವರ್ ಕೈಗೆ ಹೋಗುವುದಿಲ್ಲ. ಆದರೆ ಒಂದು ವಿಷಯ ಬಹಳ ಜನರಿಗೆ ತಿಳಿದಿರುವುದಿಲ್ಲ. ದಿವಾಳಿ ಆದೇಶವಾಗಿ, ಮುಂದೆ ಸಾಲದಿಂದ ಬಿಡುಗಡೆಯ ಆದೇಶ ಸಿಗುವವರೆಗೆ ಹೊಸದಾಗಿ ಬರುವ ಆಸ್ತಿಯೂ ರಿಸೀವರ್‌ಗೇ ಸೇರುತ್ತದೆ. ಆ ನಡುವೆ ಅಪ್ಪ ತೀರಿಕೊಂಡು ಪಾಲು ಬಂದರೆ ಅದು ಮಗನ ಕೈಗೆ ಬರದೆ ಸಾಲಿಗರ ರಾಶಿಗೆ ಬೀಳುತ್ತದೆ. ಅಣ್ಣತಮ್ಮಂದಿರು ಕುಳಿತಿರುವ ಪಾಲುಪಟ್ಟಿಯ ಪಂಚಾಯಿತಿಗೆ ಯಾರೂ ಕರೆಯದ ಇನ್ನೊಬ್ಬ ಪಾಲುದಾರ ಬಂದು ಕುಳಿತರೆ ಅಣ್ಣನಿಗೆ ಹೇಗಾಗಬೇಡ? ಅವನೇನೂ ಸಾಲ ಮಾಡಿರಲಿಲ್ಲ.

ಜಾಮೀನುದಾರನ ಪಾಡು ಇದಕ್ಕಿಂತ ಕಷ್ಟ. ನನ್ನ ಬಳಿ ಬರುವ ಪ್ರತಿಯೊಬ್ಬರೂ “ನಾನು ಐಪಿ ಹಾಕಿದರೆ ಜಾಮೀನು ಹಾಕಿದವರೂ ಬಚಾವಾಗುತ್ತಾರೆ ಅಲ್ಲವೇ?” ಎಂದು ಕೇಳುತ್ತಾರೆ. ಆಗುವುದಿಲ್ಲ. ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ದಿವಾಳಿ ಕಾಯ್ದೆ ಇನ್ನೂ ನೇರವಾಗಿ, ಸಾಲಗಾರನಿಗೆ ಕೊಡುವ ಬಿಡುಗಡೆ ಅವನಿಗೆ ಜಾಮೀನು ನಿಂತವನನ್ನು ಬಿಡಿಸುವುದಿಲ್ಲ ಎನ್ನುತ್ತದೆ. ಅಂದರೆ ನಾನು ಐಪಿ ಹಾಕಿದ ದಿನ ಬ್ಯಾಂಕಿನವರು ನನ್ನ ಕಡತವನ್ನು ಮಡಿಚಿ ನನ್ನ ಭಾವಮೈದುನನ ಕಡತವನ್ನು ಬಿಚ್ಚುತ್ತಾರೆ. ಅದರಲ್ಲಿ ಬ್ಯಾಂಕಿನವರ ತಪ್ಪೇನೂ ಇಲ್ಲ, ಜಾಮೀನು ಪಡೆಯುವುದೇ ಅದಕ್ಕಾಗಿ. ಆದರೆ ನಮ್ಮಲ್ಲಿ ಜಾಮೀನು ಸಹಿಯನ್ನು ಮದುವೆ ಕರೆಯೋಲೆ ಹಂಚಿದಷ್ಟು ಸಲೀಸಾಗಿ ಹಾಕಿಸಿಕೊಳ್ಳುತ್ತಾರೆ. “ಬರೀ ಒಂದು ಸಹಿ, ಹೆಸರಿಗೆ” ಎನ್ನುತ್ತಾರೆ. ಭಾವ ಕೇಳಿದರೆ ಇಲ್ಲವೆನ್ನಲು ಯಾವ ಭಾವಮೈದುನನಿಗೆ ಬಾಯಿ ಬರುತ್ತದೆ? ಅಕ್ಕನ ಸಂಸಾರದ ಪ್ರಶ್ನೆ.

ಚೆಕ್ಕಿನದೂ ಹಾಗೆಯೇ. ಕೈಸಾಲ ಕೊಡುವವರು ಪ್ರೋನೋಟಿನ ಜೊತೆಗೆ ಸಹಿ ಮಾಡಿದ ಖಾಲಿ ಚೆಕ್ಕನ್ನೂ ಇಟ್ಟುಕೊಂಡಿರುತ್ತಾರೆ. ಐಪಿಯ ಸುದ್ದಿ ಕಿವಿಗೆ ಬಿದ್ದ ಮರುದಿನ ಅವೆಲ್ಲ ಬ್ಯಾಂಕಿಗೆ ಹೋಗುತ್ತವೆ. ಚೆಕ್ ಬೌನ್ಸ್ ಆದ ಮೇಲೆ 30 ದಿನದೊಳಗೆ ನೋಟಿಸು, ನೋಟಿಸು ತಲುಪಿ 15 ದಿನದಲ್ಲಿ ಹಣ ಕೊಡದಿದ್ದರೆ ಕ್ರಿಮಿನಲ್ ದೂರು. ಶಿಕ್ಷೆ 2 ವರ್ಷದವರೆಗೆ, ದಂಡ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ. ಐಪಿ ಸಿವಿಲ್ ಸಾಲಕ್ಕೆ ಕೊಡೆ ಹಿಡಿಯಬಹುದೇ ಹೊರತು ಈ ಕ್ರಿಮಿನಲ್ ಕೇಸನ್ನು ನಿಲ್ಲಿಸುವುದಿಲ್ಲ. ಐಪಿ ಒಂದು ಊರಿನ ನ್ಯಾಯಾಲಯದಲ್ಲಿ, ಚೆಕ್ ಕೇಸು ಇನ್ನೊಂದು ಊರಿನಲ್ಲಿ, ವಾಯಿದೆ ಎರಡೂ ಕಡೆ ಒಂದೇ ದಿನ. ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟಿನ ಬಗ್ಗೆ ಹಿರಿಯರು ಹೇಳುವುದು ಉತ್ಪ್ರೇಕ್ಷೆಯಲ್ಲ.

ಹಾಗಾದರೆ ಯಾರಾದರೂ ಐಪಿ ಏಕೆ ಹಾಕಬೇಕು? ಹಾಕಲೇಬೇಕಾದವರು ಇದ್ದಾರೆ ಎಂಬುದು ನನ್ನ ದೃಢ ಅಭಿಪ್ರಾಯ, ನಮ್ಮ ಊರಿನ ದೊಡ್ಡ ಮನುಷ್ಯರು ಏನೇ ಹೇಳಲಿ. ಹಣದ ಡಿಕ್ರಿಯೊಂದು ಆದರೆ 12 ವರ್ಷ ಅದನ್ನು ಅಮಲ್ಜಾರಿ ಮಾಡಬಹುದು. 5,000 ಮೀರಿದ ಡಿಕ್ರಿಗೆ 3 ತಿಂಗಳವರೆಗೆ ಸಿವಿಲ್ ಜೈಲಿಗೆ ಕಳುಹಿಸಲು ಕಾನೂನು ಇದೆ. ಹೆಂಗಸರನ್ನು ಹಾಗೆ ಬಂಧಿಸುವಂತಿಲ್ಲ, ಮತ್ತು ಜೈಲಿನಲ್ಲಿ ಸಾಲಗಾರನ ಊಟದ ಖರ್ಚನ್ನು ಸಾಲ ಕೊಟ್ಟವನೇ ಮುಂಗಡ ಕಟ್ಟಬೇಕು ಎಂಬುದು ಬೇರೆ ಮಾತು. 1980ರಲ್ಲಿ ಸುಪ್ರೀಂ ಕೋರ್ಟು ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ, ಕೊಡಲು ಶಕ್ತಿಯಿದ್ದೂ ಕೆಟ್ಟ ಮನಸ್ಸಿನಿಂದ ಕೊಡದವನನ್ನು ಜೈಲಿಗೆ ಹಾಕಬಹುದೇ ಹೊರತು ಬಡತನದಿಂದ ಕೊಡಲಾಗದವನನ್ನು ಅಲ್ಲ ಎಂದು ಹೇಳಿದೆ. ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಆದರೂ ನ್ಯಾಯಾಲಯದ ಅಮೀನ ಬಾಗಿಲಿಗೆ ಬಂದ ಹೊತ್ತಿನಲ್ಲಿ ಆ ತೀರ್ಪು ಯಾರ ನೆನಪಿಗೂ ಬರುವುದಿಲ್ಲ. ದಿವಾಳಿ ಆದೇಶವಾದರೆ ಹತ್ತು ಕಡೆಯ ದಾವೆಗಳು ಒಂದು ಕಡೆ ಬಂದು ನಿಲ್ಲುತ್ತವೆ, ಬಂಧನದಿಂದ ರಕ್ಷಣೆ ಕೇಳಲು ಬರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಕೊನೆ ಇರುತ್ತದೆ. ಊರು ಬಿಟ್ಟು ಬೆಂಗಳೂರಿನಲ್ಲಿ ಫೋನ್ ಸಂಖ್ಯೆ ಬದಲಿಸಿಕೊಂಡು ಸೆಕ್ಯೂರಿಟಿ ಕೆಲಸ ಮಾಡುವವನಿಗೆ ಆ ಕೊನೆ ಇಲ್ಲ. ವಿಷದ ಬಾಟಲಿ ಹಿಡಿದವನ ಮನೆಯವರಿಗೂ ಇಲ್ಲ. ಐಪಿ ಹಾಕಿದವನನ್ನು ಹೀಯಾಳಿಸುವ ನಾಲಿಗೆಗಳು ಅಂಥ ಮನೆಗಳ ಮುಂದೆ ಏನು ಹೇಳುತ್ತವೆ ಎಂದು ನಾನು ಕೇಳಿಸಿಕೊಂಡಿದ್ದೇನೆ: “ಒಂದು ಮಾತು ಹೇಳಿದ್ದರೆ ನಾವೆಲ್ಲ ಸೇರಿ ಏನಾದರೂ ಮಾಡುತ್ತಿದ್ದೆವು.”

ಮೊದಲು ಬೇರೆ ದಾರಿ ನೋಡಿ ಎಂದು ಮಾತ್ರ ಹೇಳುತ್ತೇನೆ. ಒಂದೆರಡು ಸಾಲವಷ್ಟೇ ಇದ್ದರೆ ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದು ಒಳ್ಳೆಯದು, ಅಲ್ಲಿ ಇತ್ಯರ್ಥವಾದ ದಾವೆಗೆ ಕಟ್ಟಿದ ಶುಲ್ಕವೂ ವಾಪಸು ಬರುತ್ತದೆ. ಬ್ಯಾಂಕಿನ ಜೊತೆ ಒಂದೇ ಕಂತಿನ ರಾಜಿ ಮಾಡಿಕೊಂಡರೆ ಸಾಲದ ಇತಿಹಾಸದಲ್ಲಿ ಆ ಕಲೆ ವರ್ಷಗಟ್ಟಲೆ ಉಳಿಯುತ್ತದೆ, ಆದರೆ ಜಾಮೀನುದಾರ ಬಚಾವಾಗುತ್ತಾನೆ. ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಊರು ಬಿಡುವವರ ಸುದ್ದಿ ಹೆಚ್ಚಾದಾಗ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದಿತು. 2019ರಲ್ಲಿ ಜಾರಿಗೆ ಬಂದ ಋಣ ಪರಿಹಾರ ಕಾಯ್ದೆ ವರ್ಷಕ್ಕೆ 1.20 ಲಕ್ಷದೊಳಗಿನ ಆದಾಯದ ದುರ್ಬಲ ವರ್ಗದವರು, ಭೂಹೀನರು ಮತ್ತು ಸಣ್ಣ ರೈತರ ಖಾಸಗಿ ಸಾಲವನ್ನು ಮನ್ನಾ ಮಾಡಿತ್ತು, ಅರ್ಜಿಗೆ 90 ದಿನದ ಗಡುವು ಇತ್ತು. ಆ ಗಡುವು ಮುಗಿದ ಮೇಲೆ ವಿಷಯ ತಿಳಿದವರೇ ನಮ್ಮಲ್ಲಿ ಹೆಚ್ಚು. ಅಂದಹಾಗೆ ಆ ಮನ್ನಾ ಆಗಿದ್ದಕ್ಕೆ ಗಿರವಿ ಅಂಗಡಿಗಳು ಮುಂದಿನ ಸಲ ಬಡವನನ್ನು ಕಂಡು ಮುಖ ತಿರುಗಿಸಿದವು. ಅದೂ ಒಂದು ಖರ್ಚೇ.

ಐಪಿಯ ಕೊನೆಯ ಮೆಟ್ಟಿಲಿನ ಬಗ್ಗೆ ಒಂದು ಎಚ್ಚರಿಕೆ. ದಿವಾಳಿ ಎಂದು ಆದೇಶವಾದ ಮಾತ್ರಕ್ಕೆ ಸಾಲ ಹರಿಯುವುದಿಲ್ಲ. ನ್ಯಾಯಾಲಯ ಹೇಳಿದ ಅವಧಿಯೊಳಗೆ ಬಿಡುಗಡೆಗೆಂದು ಬೇರೆ ಅರ್ಜಿ ಹಾಕಬೇಕು. ಹಾಕದಿದ್ದರೆ ದಿವಾಳಿ ಆದೇಶವೇ ರದ್ದಾಗುತ್ತದೆ, ಅಷ್ಟು ದಿನ ಖರ್ಚು ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಬಿಡುಗಡೆಯಾಗುವವರೆಗೆ ಗ್ರಾಮ ಪಂಚಾಯಿತಿಗೆ ನಿಲ್ಲುವಂತಿಲ್ಲ, ವಿಧಾನಸಭೆಯ ಮಾತಂತೂ ದೂರ. ದಿವಾಳಿಯೆಂದು ತಿಳಿಸದೆ 50 ರೂಪಾಯಿ ಉದ್ದರಿ ತೆಗೆದುಕೊಂಡರೂ ಅಪರಾಧ, ಕಾಯ್ದೆಯ ಪ್ರಕಾರ 6 ತಿಂಗಳವರೆಗೆ ಶಿಕ್ಷೆ. ಬಿಡುಗಡೆ ಕೇಳುವಾಗ, ನಿನ್ನ ಆಸ್ತಿ ಸಾಲದ ರೂಪಾಯಿಗೆ 50 ಪೈಸೆಯಷ್ಟಾದರೂ ಏಕಿಲ್ಲ ಎಂದು ಕೇಳುತ್ತಾರೆ, ಕೈಮೀರಿದ ಕಾರಣವಿದ್ದರೆ ತೋರಿಸಬೇಕು. ಹಿಂದಿನ 3 ವರ್ಷ ವ್ಯಾಪಾರದ ಲೆಕ್ಕದ ಪುಸ್ತಕ ಸರಿಯಾಗಿ ಇಟ್ಟಿದ್ದೀಯಾ ಎಂದೂ ಕೇಳುತ್ತಾರೆ. ದರ ಬಿದ್ದ ದಿನಾಂಕ, ಕೊಳವೆಬಾವಿ ಬತ್ತಿದ ದಿನಾಂಕ, ಇವೆಲ್ಲ ಪುಸ್ತಕದಲ್ಲಿ ಇದ್ದವನಿಗೆ ದುರದೃಷ್ಟವನ್ನು ಸಾಬೀತುಪಡಿಸಲು ಬರುತ್ತದೆ. ತಲೆಯಲ್ಲಿ ಲೆಕ್ಕ ಇಟ್ಟವನಿಗೆ ಬರುವುದಿಲ್ಲ. ನನ್ನ ಕಸುಬಿನ ಜಾಹೀರಾತು ಎಂದುಕೊಂಡರೂ ಅಡ್ಡಿಯಿಲ್ಲ.

ನಾನು ಹೇಳಿದ ಬಿಚ್ಚಾಣಿಕೆದಾರರ ವಿಷಯಕ್ಕೆ ಬಂದರೆ, ಬ್ಯಾಂಕಿನ ಸಾಲಕ್ಕೆ ಜಾಮೀನು ನಿಂತಿದ್ದವರು ಅವರ ಹೆಂಡತಿಯ ತಮ್ಮ. ಚಿಂತಾಮಣಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು ಬದುಕುವ ಹುಡುಗ, ಮದುವೆ ಗೊತ್ತಾಗಿದೆ. ಬ್ಯಾಂಕಿನವರು ರಾಜಿಗೆ ಒಪ್ಪಿದರು. ಆದರೆ ಹಣ ಇವರ ಕೈಯಿಂದ ಹೋದರೆ 3 ತಿಂಗಳು ಅರ್ಜಿ ಹಾಕದೆ ಕಾಯಬೇಕು, ಅಷ್ಟರಲ್ಲಿ ಪ್ರೋನೋಟಿನವರು ಡಿಕ್ರಿ ಹಿಡಿದು ಬರುತ್ತಾರೆ ಎಂದು ವಕೀಲರು ತಲೆ ಕೆರೆದುಕೊಂಡರು. ಕೇಳಿಸಿಕೊಳ್ಳುತ್ತಿದ್ದ ಬಿಚ್ಚಾಣಿಕೆದಾರರ ಹೆಂಡತಿ, “ನನ್ನ ತವರಿನವರು ಹಾಕಿದ ಬಳೆ ಇವರ ಆಸ್ತಿಯೇ?” ಎಂದು ಕೇಳಿದರು. ಅಲ್ಲ. ಅದು ಸ್ತ್ರೀಧನ, ರಿಸೀವರ್ ಮುಟ್ಟುವಂತಿಲ್ಲ, ಅದರಿಂದ ಬ್ಯಾಂಕಿಗೆ ಕಟ್ಟಿದರೆ ಗಂಡನ ಆಸ್ತಿಯಿಂದ ಕಟ್ಟಿದಂತೆ ಆಗುವುದಿಲ್ಲ ಎಂದರು ವಕೀಲರು.

ಬಳೆಗಳು ಹೋದವು, ಬಾಕಿ ಇಲ್ಲವೆಂಬ ಪತ್ರ ಬಂದಿತು. ಅದರಲ್ಲಿ ಜಾಮೀನುದಾರನನ್ನು ಬಿಡುಗಡೆ ಮಾಡಿದೆ ಎಂಬ ಸಾಲು ಇರುವಂತೆ ನಾನು ನೋಡಿಕೊಂಡೆ. ಪಟ್ಟಿಯಲ್ಲಿ ಬ್ಯಾಂಕಿನ ಹೆಸರನ್ನು ಹೊಡೆದುಹಾಕಿ ಕ್ರಮಸಂಖ್ಯೆ ತಿದ್ದುತ್ತಿದ್ದಾಗ ಅವರು ಒಡವೆ ಅಂಗಡಿಯ ರಸೀದಿಯನ್ನು ತಂದು ನನ್ನ ಮುಂದೆ ಇಟ್ಟರು.

“ಅಣ್ಣಾ, ಬ್ಯಾಂಕು ಇದ್ದ ಜಾಗದಲ್ಲಿ ನನ್ನ ಹೆಸರು ಬರೆಯಿರಿ. ಇವರು ಈಗ ನನಗೂ ಕೊಡಬೇಕು.”

ಗಂಡ ನಕ್ಕರು. ಅವರು ನಗಲಿಲ್ಲ. ವಕೀಲರಿಗೆ ಫೋನ್ ಮಾಡಿದೆ. ಹೆಂಡತಿ ಸಾಲಿಗಳಾದರೆ ಉಳಿದವರು ಒಳಸಂಚು ಎಂದು ಆಕ್ಷೇಪಿಸುತ್ತಾರೆ, ಆದರೆ ರಸೀದಿಯೂ ಬ್ಯಾಂಕಿಗೆ ಕಟ್ಟಿದ ಚಲನ್ನೂ ಇದ್ದರೆ ವಾದ ಮಾಡಬಹುದು ಎಂದರು. ರಸೀದಿಯ ದಿನಾಂಕ, ಗ್ರಾಂ ತೂಕ, ಮೊತ್ತ ಮೂರನ್ನೂ ನಮೂದಿಸಿ, ಹೆಸರಿನ ಮುಂದೆ ವಿಳಾಸದ ಅಂಕಣದಲ್ಲಿ “ಅರ್ಜಿದಾರರ ವಿಳಾಸವೇ” ಎಂದು ಬರೆದೆ.